ಗೊರಕೆಗೆ ಆಪರೇಷನ್ನಾ? ಮೊದಲು ಪರೀಕ್ಷೆ ಆಗಲಿ

ನಾವು ಮೆಲ್ಬರ್ನ್‌ನಲ್ಲಿ ಒಂದೇ ಮನೆಯಲ್ಲಿರುವ ನಾಲ್ವರು. ನಮ್ಮಲ್ಲೊಬ್ಬನ ಗೊರಕೆ ಗೋಡೆ ದಾಟಿ ಕೇಳುತ್ತೆ. ಮೊದಲೆಲ್ಲ ತಮಾಷೆ ಮಾಡ್ತಿದ್ವಿ. ಒಂದು ರಾತ್ರಿ ಗಮನಿಸಿದಾಗ ಗಾಬರಿಯಾಯ್ತು: ಗೊರಕೆ ತಟ್ಟನೆ ನಿಂತು, ಉಸಿರೂ ನಿಂತು, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರು. ಬೆಳಿಗ್ಗೆ ತಲೆನೋವು, ಲೆಕ್ಚರ್‌ನಲ್ಲಿ ತೂಕಡಿಕೆ. ಊರಿಂದ ಸಲಹೆ ಬಂತು: "ರಜೆಗೆ ಬಂದಾಗ ಗಂಟಲು ಆಪರೇಷನ್ ಮಾಡಿಸಿಬಿಡು."

ಆದರೆ ಯಾವುದಕ್ಕೆ ಆಪರೇಷನ್? ಅದು ಗೊತ್ತಾಗಬೇಕಲ್ವಾ?

ನಿದ್ದೆಯಲ್ಲಿ ಉಸಿರು ಕನಿಷ್ಠ 10 ಸೆಕೆಂಡ್ ನಿಂತರೆ ಅದು ಆಪ್ನಿಯಾ. ಗಂಟಲಿನ ದಾರಿ ಮುಚ್ಚಿಕೊಂಡು ಹೀಗಾಗುವುದೇ ಹೆಚ್ಚು. ಕೆಲವರಲ್ಲಿ ಉಸಿರಾಡಲು ಮೆದುಳಿನಿಂದಲೇ ಸೂಚನೆ ಬರುವುದಿಲ್ಲ. ಅಂಥವರಿಗೆ ಗಂಟಲು ಕುಯ್ದು ಪ್ರಯೋಜನವಿಲ್ಲ. ಬರೀ ಗೊರಕೆ ಕೇಳಿ ಈ ವ್ಯತ್ಯಾಸ ಹೇಳಲಾಗದು.

ಮೊದಲ ಹೆಜ್ಜೆ ಜಿಪಿ. ಅಲ್ಲಿ ಎಪ್‌ವರ್ತ್ ಪ್ರಶ್ನಾವಳಿ ಕೊಡಬಹುದು. ಇದು 1991ರಲ್ಲಿ ನಮ್ಮ ಮೆಲ್ಬರ್ನ್‌ನಲ್ಲೇ ಹುಟ್ಟಿದ್ದು. ಎಂಟು ಸಂದರ್ಭಗಳು, ಒಟ್ಟು 24 ಅಂಕ. 10 ದಾಟಿದರೆ ಹಗಲಿನ ತೂಕಡಿಕೆ ಹೆಚ್ಚಿದೆ ಎಂದರ್ಥ. ಆದರೆ ಇದರಿಂದಲೇ ರೋಗ ನಿರ್ಧಾರವಾಗದು.

ನಿರ್ಧಾರಕ್ಕೆ ಬೇಕಾದ್ದು ರಾತ್ರಿಯ ನಿದ್ರಾ ಪರೀಕ್ಷೆ. ಲ್ಯಾಬ್‌ನಲ್ಲಿ ಮಾಡುತ್ತಾರೆ, ಕೆಲವರಿಗೆ ಮನೆಯಲ್ಲೇ ಆಗುತ್ತೆ. ಉಸಿರು, ಆಮ್ಲಜನಕ, ಎದೆಯ ಚಲನೆ ಎಲ್ಲ ದಾಖಲಾಗುತ್ತೆ. ಉಸಿರು ನಿಂತದ್ದು ಅಥವಾ ತೀರಾ ಕಡಿಮೆಯಾದದ್ದು ಗಂಟೆಗೆ 5ರಿಂದ 15 ಸಲವಾದರೆ ಸೌಮ್ಯ, 15ರಿಂದ 30 ಮಧ್ಯಮ, ಅದಕ್ಕೂ ಮೇಲೆ ತೀವ್ರ.

ಆಪ್ನಿಯಾ ಖಚಿತವಾದರೂ ನೇರವಾಗಿ ಕತ್ತಿಯೇ ಅಲ್ಲ. ತೂಕ ಇಳಿಸುವುದು, ಮಗ್ಗುಲಲ್ಲಿ ಮಲಗುವುದು, ಮದ್ಯ ಬಿಡುವುದು, ದವಡೆಯನ್ನು ಮುಂದೆ ಹಿಡಿಯುವ ಸಾಧನ, ಇಲ್ಲವೇ ಸಿಪ್ಯಾಪ್ ಯಂತ್ರ, ಹೀಗೆ ದಾರಿಗಳಿವೆ. ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ತೆರೆದಿಡುವ ಸಿಪ್ಯಾಪನ್ನು 1981ರಲ್ಲಿ ಪ್ರಕಟಿಸಿದವರು ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು.

ಆಪರೇಷನ್ ತಪ್ಪು ಅಂತ ನಾವು ಹೇಳ್ತಿಲ್ಲ. ಟಾನ್ಸಿಲ್ ತುಂಬಾ ದೊಡ್ಡದಿದ್ದರೆ ಅದೇ ಸರಿಯಾಗಬಹುದು. ಆದರೆ ಅಡಚಣೆ ನಾಲಿಗೆಯ ಬುಡದಲ್ಲಿದ್ದು, ಕಿರುನಾಲಿಗೆ ಕತ್ತರಿಸಿದರೆ ಏನು ಲಾಭ? ಇನ್ನೂ ಒಂದು ಅಪಾಯವಿದೆ: ಶಸ್ತ್ರಚಿಕಿತ್ಸೆಯ ನಂತರ ಗೊರಕೆಯ ಸದ್ದು ನಿಂತರೂ ಆಪ್ನಿಯಾ ಉಳಿದಿರಬಹುದು. ಮೊದಲಿನ ಪರೀಕ್ಷೆಯ ಲೆಕ್ಕ ಕೈಯಲ್ಲಿದ್ದರೆ ತಾನೇ, ಆಮೇಲಿನದನ್ನು ಹೋಲಿಸಿ ನೋಡೋಕಾಗೋದು?

ಗೆಳೆಯ ಪರೀಕ್ಷೆ ಮಾಡಿಸಿಕೊಂಡ. ಗಂಟೆಗೆ 22. ಈಗ ಸಿಪ್ಯಾಪ್ ಹಾಕಿಕೊಂಡು ಮಲಗ್ತಾನೆ. ಊರಿಗೆ ಟಿಕೆಟ್ ಬುಕ್ ಆಗಿದೆ, ಆಪರೇಷನ್‌ಗಲ್ಲ, ಹಬ್ಬಕ್ಕೆ.

ನಿಮ್ಮ ರೂಮ್‌ಮೇಟ್ ಹೀಗೆ ಉಸಿರು ಕಟ್ಟುತ್ತಿದ್ದರೆ ನಗಬೇಡಿ, ಹೇಳಿ. ಮಲಗಿದವರಿಗೆ ಅದು ಗೊತ್ತಾಗೋದೇ ಇಲ್ಲ.