ಒಂದು ಹೆಸರಿನ ಸಮಾಸ

ಜಪಾನಿನ ವಿಮಾನಗಳು ಚೀನದ ನಗರಗಳ ಮೇಲೆ ಬಾಂಬು ಸುರಿಸುತ್ತಿದ್ದ ಕಾಲ. ಜಪಾನಿ ಸರಕನ್ನು ಬಹಿಷ್ಕರಿಸಲು ಕಾಂಗ್ರೆಸ್ ಕರೆಯಿತ್ತಿತು. ಜನರು ವಂತಿಗೆ ಕೂಡಿಸಿದರು. ಬಹಿಷ್ಕಾರವು ವ್ಯಾಪಾರವನ್ನು ತಡೆದೀತು, ಗಾಯಕ್ಕೆ ಪಟ್ಟಿ ಕಟ್ಟದು. 1938ರಲ್ಲಿ ಐವರು ವೈದ್ಯರು ಚೀನಕ್ಕೆ ಹೊರಟರು. ಅವರಲ್ಲೊಬ್ಬರು ಸೊಲ್ಲಾಪುರದ ದ್ವಾರಕಾನಾಥ ಕೋಟಣೀಸರು.

ಅಲ್ಲಿಯೇ ಅವರು ಗುವೊ ಚಿಂಗ್‌ಲಾನ್ ಎಂಬವರನ್ನು ವರಿಸಿದರು. 1942ರಲ್ಲಿ ಹುಟ್ಟಿದ ಮಗನ ಹೆಸರು ‘ಯಿನ್‌ಹ್ವಾ’. ಯಿನ್ ಎಂದರೆ ಭಾರತ, ಹ್ವಾ ಎಂದರೆ ಚೀನ. ವಿಗ್ರಹವಾಕ್ಯ: ಭಾರತವೂ ಚೀನವೂ. ಉಭಯಪದಗಳೂ ಪ್ರಧಾನವಾದುದರಿಂದ ದ್ವಂದ್ವಸಮಾಸ. ಮರಾಠಿಯಲ್ಲಿಯೂ ಅದಕ್ಕೆ ಇದೇ ಹೆಸರು. ಈ ಪದ ಸೂಚಿಸುವುದು ಮಗುವನ್ನಲ್ಲವೇ, ಬಹುವ್ರೀಹಿ ಏಕಾಗದು ಎಂದು ವಿದ್ಯಾರ್ಥಿ ಕೇಳಿದರೆ ಆ ಆಕ್ಷೇಪವೂ ನ್ಯಾಯವೇ.

ಮಗು ಹಸುಳೆಯಾಗಿದ್ದಾಗಲೇ, ಆ ವರ್ಷದ ಡಿಸೆಂಬರ್ 9ರಂದು, 32ರ ವಯಸ್ಸಿನಲ್ಲಿ ಕೋಟಣೀಸರು ಚೀನದಲ್ಲಿಯೇ ತೀರಿಕೊಂಡರು.