ಮುಟ್ಟುವ ಚಿತ್ರ, ತೆಗೆಯುವ ಚಿತ್ರ

ಬೋಧನಾ ಅಭ್ಯಾಸಕ್ಕಾಗಿ ನಂದೂರದ ಶಾಲೆಯೊಂದಕ್ಕೆ ಹೋದಾಗ ನನ್ನ ಪಾಲಿಗೆ ಬಂದದ್ದು ಏಳನೆಯ ತರಗತಿಯ ಗಣಿತ, ತ್ರಿಭುಜದ ಘಟಕ. ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಆ ತರಗತಿಯಲ್ಲಿದ್ದಳು. ಎರಡು ರಾತ್ರಿ ಕುಳಿತು ರಟ್ಟಿನ ಮೇಲೆ ಉಲ್ಲನ್ ದಾರ ಅಂಟಿಸಿ ತ್ರಿಭುಜ ಮಾಡಿದೆ. ಎತ್ತರ ಬೇರೆಯಾಗಿ ತಿಳಿಯಲೆಂದು ಅದಕ್ಕೆ ಸುತಳಿ ಹಚ್ಚಿದೆ. ಆಕೆ ಬೆರಳಾಡಿಸಿ ಪಾದ ಯಾವುದು, ಎತ್ತರ ಯಾವುದು ಎಂದು ಸರಿಯಾಗಿಯೇ ಹೇಳಿದಳು. ವೀಕ್ಷಣಾ ಪುಸ್ತಕದಲ್ಲಿ ಕಲಿಕೋಪಕರಣದ ಬಗ್ಗೆ ಒಳ್ಳೆಯ ಮಾತೂ ಬಂತು.

ಮರುದಿನ ಉಳಿದವರೆಲ್ಲ ಎತ್ತರ ಎಳೆಯುತ್ತಿದ್ದಾಗ ಆಕೆ ಸುಮ್ಮನೆ ಕುಳಿತಿದ್ದಳು. "ನೀನೂ ತೆಗಿಯವ್ವ" ಎಂದೆ. "ನಂಗ ಚಿತ್ರ ಮಾಫ್ ಅದರಿ ಸರ್" ಎಂದಳು.

ಬ್ರೈಲ್ ಸ್ಲೇಟು ಇತ್ತು. ಆದರೆ ಅದರಲ್ಲಿ ಚುಚ್ಚಿದ ಚುಕ್ಕೆ ಹಾಳೆಯ ಆಚೆ ಬದಿಗೆ ಉಬ್ಬುತ್ತದೆ. ಹಾಳೆ ತಿರುವಿದರೆ ಎಡ ಬಲವಾಗುತ್ತದೆ. ಅಕ್ಷರಕ್ಕೆ ಮಕ್ಕಳು ಇದನ್ನು ರೂಢಿ ಮಾಡಿಕೊಳ್ಳುತ್ತಾರೆ, ಚಿತ್ರಕ್ಕೆ ಇದು ತೊಡಕು. ಎಳೆಯುತ್ತಿರುವಾಗಲೇ ಗೆರೆ ಬೆರಳಿಗೆ ಸಿಗಬೇಕು. ಅದಕ್ಕೆಂದೇ ಮಾಡಿದ ಕಿಟ್‌ನಲ್ಲಿ ರಬ್ಬರ್ ಹಲಗೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಬಾಲ್‌ಪೆನ್ನಿನಿಂದ ಗೀರುತ್ತಾರೆ, ಗೆರೆ ಈಚೆ ಬದಿಗೇ ಏಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ನಿಗದಿತ ಪ್ರಮಾಣದ ವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. ನನ್ನ ಪಾಠ ಮಾತ್ರ ನಾಳೆಗೇ ಇತ್ತು.

ಕಿಟಕಿಗೆ ಹೊಡೆಯುವ ಸೊಳ್ಳೆ ಜಾಳಿಗೆಯ ತುಂಡನ್ನು ರಟ್ಟಿಗೆ ಬಿಗಿದೆ. ಅಂಚಿನ ತಂತಿ ಕೈಗೆ ಚುಚ್ಚುತ್ತದೆ, ಸುತ್ತಲೂ ಟೇಪ್ ಹಚ್ಚಲೇಬೇಕು. ಮೇಲೆ ಹಾಳೆ ಇಟ್ಟು ಕ್ಲಿಪ್ ಹಾಕಿ ಮೇಣದ ಬಣ್ಣದ ಕಡ್ಡಿಯಿಂದ ಒತ್ತಿ ಎಳೆದರೆ ಗೆರೆ ತರಿತರಿಯಾಗಿ ಬೆರಳಿಗೆ ಹತ್ತುತ್ತದೆ. ಅಳಿಸಲು ಬರುವುದಿಲ್ಲ, ತಪ್ಪಿದರೆ ಹೊಸ ಹಾಳೆಯೇ ಗತಿ. ಅಳತೆಪಟ್ಟಿ ಜಾರದಂತೆ ಪಕ್ಕದ ಗೆಳತಿ ಹಿಡಿದುಕೊಂಡಳು.

ಆಕೆ ಎಳೆದ ಮೊದಲ ತ್ರಿಭುಜದ ಮೂಲೆಗಳು ಕೂಡಲಿಲ್ಲ. ಮೂರನೆಯದು ಕೂಡಿತು. ವಿಶಾಲಕೋನ ತ್ರಿಭುಜ ತೆಗೆಸಿ, ಮೇಲಿನ ಶೃಂಗದಿಂದ ಎತ್ತರ ಎಳೆಯಲು ಹೇಳಿದೆ. ಆಕೆ ನೇರವಾಗಿ ಪಾದದ ನಡುವಿಗೆ ಗೆರೆ ಎಳೆದಳು! ನಿನ್ನೆ ನನ್ನ ರಟ್ಟಿನ ಮೇಲೆ ಸುತಳಿ ನಡುವೆಯೇ ಇತ್ತಲ್ಲ. ಸುತಳಿ ಎಂದರೆ ಎತ್ತರ, ಎತ್ತರವೆಂದರೆ ನಡುವಿನ ಗೆರೆ: ನಾನು ಕಲಿಸಿದ್ದು ಅಷ್ಟೇ. ಆಕೆ ಚಿತ್ರ ತೆಗೆಯದಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮೂಲೆಮಟ್ಟ ಕೈಗೆ ಕೊಟ್ಟೆ. ಒಂದು ಅಂಚನ್ನು ಪಾದಕ್ಕೆ ತಾಗಿಸಿ, ಇನ್ನೊಂದು ಅಂಚು ಶೃಂಗಕ್ಕೆ ಮುಟ್ಟುವವರೆಗೆ ಸರಿಸು ಎಂದೆ. ಸರಿಸುತ್ತಾ ಹೋದಳು, ಪಾದವೇ ಮುಗಿಯಿತು. "ಹೊರಗ ಹೊಂಟದಲ್ರೀ ಸರ್!"

ಪಾದವನ್ನು ಮುಂದಕ್ಕೆ ಬೆಳೆಸಿಕೊಂಡು ಎತ್ತರ ಎಳೆದಳು. ಪಕ್ಕದ ಗೆಳತಿ ತನ್ನ ನೋಟ್‌ಬುಕ್ ನೋಡಿಕೊಂಡಳು. ಅವಳದೂ ಒಳಗೇ ಇತ್ತು. ರಬ್ಬರ್ ತೆಗೆದು ಅಳಿಸತೊಡಗಿದಳು.