ಕಪ್ಪು ಪರದೆ, ಹೊಸ ರ್ಯಾಮ್ ಮತ್ತು ಅಜ್ಜಿಯ ಮಾತಿನ ನಡುವೆ ಒಂದು 'ಟಕ್'

ಈ ಸಲದ ಸಂಚಿಕೆಗೆ ವಿಷಯ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಲಿಲ್ಲ. ಅದು ನಮ್ಮ ಮೇಜಿನ ಕೆಳಗೇ ಇತ್ತು.

ಈ ಪಾಡ್‌ಕಾಸ್ಟನ್ನು ನಾವು ಎಡಿಟ್ ಮಾಡುವುದು ಟೊರಾಂಟೊ ಹತ್ತಿರದ ಒಂದು ಮನೆಯ ಬೇಸ್‌ಮೆಂಟಿನಲ್ಲಿ, ಆರು ವರ್ಷ ಹಳೆಯ ಡೆಸ್ಕ್‌ಟಾಪಿನಲ್ಲಿ. ಅದರಲ್ಲಿ 8 ಜಿಬಿಯ ಎರಡು ರ್ಯಾಮ್ ಸ್ಟಿಕ್ ಇದ್ದವು. ಕಳೆದ ಚಳಿಗಾಲದಲ್ಲಿ ಅಂಥವೇ ಇನ್ನೆರಡು ಕೊಂಡೆವು, ಜೊತೆಗೆ ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್. ಎಲ್ಲವನ್ನೂ ಒಂದೇ ರಾತ್ರಿ ಕೂರಿಸಿ ಗುಂಡಿ ಒತ್ತಿದೆವು. ಫ್ಯಾನುಗಳು ತಿರುಗಿದವು, ದೀಪಗಳು ಹತ್ತಿದವು. ಪರದೆ ಮಾತ್ರ ಕಪ್ಪು.

ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಅಂಶ ಬದಲಿಸಬೇಕು ಅಂತ ಇದೇ ಮೈಕಿನ ಮುಂದೆ ಎಷ್ಟು ಸಲ ಹೇಳಿದ್ದೇವೋ! ನಮ್ಮ ಮನೆಯಲ್ಲೇ ಅದನ್ನು ಮರೆತಿದ್ದೆವು. ಈಗ ತಪ್ಪು ರ್ಯಾಮಿನದೋ, ಕಾರ್ಡಿನದೋ, ಪವರ್ ಸಪ್ಲೈಯದೋ ಹೇಗೆ ಹೇಳೋದು?

ಮೊದಲು ನಾಚಿಕೆಯ ಸಂಗತಿ. ಮಾನಿಟರಿನ ಕೇಬಲ್ ಹಳೇ ಅಭ್ಯಾಸದಂತೆ ಮದರ್‌ಬೋರ್ಡಿನ ಪೋರ್ಟಿಗೇ ಹೋಗಿತ್ತು. ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕೇಬಲ್ ಆ ಕಾರ್ಡಿಗೇ ಹೋಗಬೇಕು. ನಗಬೇಡಿ, ಇದು ನಿಮಗೂ ಆಗುತ್ತೆ. ಅದನ್ನು ಸರಿಪಡಿಸಿದರೂ ಪರದೆ ಬರಲಿಲ್ಲ. ಆದರೆ ಮದರ್‌ಬೋರ್ಡಿನ ಅಂಚಿನಲ್ಲಿ 'ಡಿರ್ಯಾಮ್' ಅಂತ ಬರೆದ ಪುಟ್ಟ ದೀಪ ಉರೀತಿತ್ತು. ಈಚಿನ ಬಹಳ ಬೋರ್ಡುಗಳಲ್ಲಿ ಸಿಪಿಯು, ಮೆಮೊರಿ, ಗ್ರಾಫಿಕ್ಸ್, ಬೂಟ್ ಅಂತ ನಾಲ್ಕು ದೀಪ ಇರುತ್ತವೆ. ಯಾವುದು ಆರದೆ ನಿಲ್ಲುತ್ತೋ ತಪಾಸಣೆ ಅಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ. ನಿಮ್ಮದು ಡಿಡಿಆರ್5 ಆಗಿದ್ದರೆ ಮಾತ್ರ ಅವಸರಪಡಬೇಡಿ. ಹೊಸ ಸ್ಟಿಕ್ ಹಾಕಿದ ಮೇಲೆ ಮೊದಲ ಸಲ ಬೋರ್ಡು ಅದರ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು, ಅಷ್ಟೂ ಹೊತ್ತು ಪರದೆ ಕಪ್ಪಾಗೇ ಇರುತ್ತೆ. ಎಷ್ಟೋ ಜನ ಆ ಮಧ್ಯದಲ್ಲೇ ಪವರ್ ಕಿತ್ತು, ಒಳ್ಳೆಯ ಸ್ಟಿಕ್ಕನ್ನು ಅಂಗಡಿಗೆ ವಾಪಸ್ ಕೊಡ್ತಾರೆ.

ನಮ್ಮದು ಡಿಡಿಆರ್4. ಹಾಗಾಗಿ ಹಿಂದಕ್ಕೆ ಹೋದೆವು. ಪವರ್ ಸಪ್ಲೈ ಆಫ್ ಮಾಡಿ, ಪ್ಲಗ್ ಕಿತ್ತು, ಒಳಗೆ ಉಳಿದ ವಿದ್ಯುತ್ ಖಾಲಿಯಾಗಲಿ ಅಂತ ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದೆವು. ಹೀಟರ್ ಉರಿಯುವ ಕೆನಡಾದ ಚಳಿಗಾಲದಲ್ಲಿ ಗಾಳಿ ಒಣಗಿ, ಕಾರ್ಪೆಟ್ ಮೇಲೆ ನಡೆದು ಬಾಗಿಲ ಹಿಡಿ ಮುಟ್ಟಿದರೆ ಚಟ್ ಅನ್ನುತ್ತಲ್ಲ, ಆ ಕಿಡಿ ಚಿಪ್ಪಿಗೆ ಹೊಡೆದರೆ ಅದು ಸತ್ತೇಹೋಗಬಹುದು. ಆದ್ದರಿಂದ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿಕೊಂಡೇ ಕೆಲಸ. ಹೊಸದನ್ನೆಲ್ಲ ತೆಗೆದು ಹಳೇ ಸ್ಥಿತಿಗೆ ತಂದಾಗ ಕಂಪ್ಯೂಟರ್ ಎದ್ದಿತು. ಹೊಸ ಜೋಡಿಯನ್ನಷ್ಟೇ ಹಾಕಿದೆವು, ಎದ್ದಿತು. ನಾಲ್ಕೂ ಸೇರಿದರೆ ಮತ್ತೆ ಕಪ್ಪು.

ಬಿಡಿಬಿಡಿಯಾಗಿ ನಡೆಯುವುದು ಒಟ್ಟಿಗೆ ಯಾಕೆ ನಡೆಯಲ್ಲ? ಈ ರ್ಯಾಮಿನ ವೇಗ 3200, ಅಂದರೆ ಪ್ರತಿ ತಂತಿಯಲ್ಲೂ ಸೆಕೆಂಡಿಗೆ 320 ಕೋಟಿ ಬಿಟ್. ಒಂದು ಬಿಟ್ಟಿಗೆ ಸಿಗುವ ಸಮಯದಲ್ಲಿ ಬೆಳಕು ಕೂಡ ಸುಮಾರು 9 ಸೆಂ.ಮೀ. ಅಷ್ಟೇ ಹೋಗುತ್ತೆ, ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತ ಅದರ ಅರ್ಧದಷ್ಟು. ಅಂಥ ವೇಗದಲ್ಲಿ ಗೆರೆಯ ಪ್ರತಿ ಕವಲಿನಿಂದಲೂ ಒಂದಿಷ್ಟು ಸಂಕೇತ ಹಿಂದಕ್ಕೆ ಬರುತ್ತೆ, ಬಾವಿಯೊಳಗೆ ಕೂಗಿದ ಮಾತು ವಾಪಸ್ ಬಂದ ಹಾಗೆ. ಒಂದು ಚಾನೆಲಿಗೆ ಎರಡು ಸ್ಟಿಕ್ ಆದರೆ ಪ್ರತಿಧ್ವನಿಯೂ ಹೆಚ್ಚು. ಎರಡೇ ಸ್ಟಿಕ್ ಇದ್ದಾಗ ಸಿಪಿಯು ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ ಅಂತ ಬಹುತೇಕ ಮ್ಯಾನ್ಯುಯಲ್‌ಗಳು ಹೇಳುವುದೂ ಇದಕ್ಕೇ: ಅವು ಗೆರೆಯ ಕೊನೆಯ ಸ್ಲಾಟುಗಳು, ಖಾಲಿ ಬಾಲ ಉಳಿಯಲ್ಲ. ನಾವು ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆಫ್ ಮಾಡಿದೆವು. ಎಎಂಡಿ ಬೋರ್ಡುಗಳಲ್ಲಿ ಇಂಥದ್ದಕ್ಕೇ ಎಕ್ಸ್‌ಪೋ ಎಂಬ ಹೆಸರೂ ಉಂಟು. ವೇಗ 2666ಕ್ಕೆ ಇಳಿಯಿತು, ನಾಲ್ಕೂ ಸ್ಟಿಕ್ ಒಟ್ಟಿಗೆ ಎದ್ದವು. 32 ಜಿಬಿ!

ಆಮೇಲೆ ಗ್ರಾಫಿಕ್ಸ್ ಕಾರ್ಡ್. ಇದರ ಕಥೆ ಚಿಕ್ಕದು. ಸುಮ್ಮನೆ ಇದ್ದಾಗ ಸರಿ, ವಿಡಿಯೊ ಎಕ್ಸ್‌ಪೋರ್ಟ್ ಶುರು ಮಾಡಿದ ಕೂಡಲೇ ಇಡೀ ಕಂಪ್ಯೂಟರ್ ಆಫ್. ಎರರ್ ಮೆಸೇಜೂ ಇಲ್ಲದೆ ಹೀಗೆ ಆರಿಹೋದರೆ ಮೊದಲು ಪವರ್ ನೋಡಿ. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು 75 ವಾಟ್, 8 ಪಿನ್ನಿನ ಪ್ರತಿ ಕನೆಕ್ಟರಿನಿಂದ 150. ನಮ್ಮ ಕಾರ್ಡಿಗೆ ಅಂಥ ಎರಡು ಬೇಕಿತ್ತು, ನಾವು ಒಂದೇ ಕೇಬಲಿನ ಎರಡು ಕವಲುಗಳನ್ನು ಚುಚ್ಚಿದ್ದೆವು. ಬೇರೆಬೇರೆ ಕೇಬಲ್ ಎಳೆದ ಮೇಲೆ ನಿಂತಿತು. ನೆನಪಿರಲಿ, ಬೇರೆ ಪವರ್ ಸಪ್ಲೈಯ ಕೇಬಲ್ ತಂದು ಹಾಕಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, ಏನಾದರೂ ಸುಟ್ಟೀತು.

ಎಲ್ಲಾ ಸರಿಯಾಯ್ತು ಅಂದುಕೊಂಡು ಮೂರು ವಾರ ಕೆಲಸ ಮಾಡಿದೆವು. ನಮ್ಮಲ್ಲೊಬ್ಬರ ಅಜ್ಜಿ, ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ತಮ್ಮ ಊರು ಮುಳುಗಿದ್ದನ್ನು ಹೇಳಿದ ಒಂದೂವರೆ ಗಂಟೆಯ ರೆಕಾರ್ಡಿಂಗ್ ನಮ್ಮ ಹತ್ತಿರ ಇದೆ. ಅಜ್ಜಿ ಈಗಿಲ್ಲ. ಅದರ ಗುಂಯ್‌ಗುಡುವ ಸದ್ದು ತೆಗೆದು, ಮೂಲ ಫೈಲಿನ ಮೇಲೇ ಸೇವ್ ಮಾಡಿದ್ದೆವು. ಒಂದು ರಾತ್ರಿ ಹೆಡ್‌ಫೋನ್ ಹಾಕಿ ಕೇಳುವಾಗ, ಅಜ್ಜಿ "ಹೊಸಿಲು" ಅನ್ನುವ ಮಾತಿನ ನಡುವೆ 'ಟಕ್' ಅಂತು. ಮೊದಲು ಅದು ಇರಲಿಲ್ಲ.

ಧ್ವನಿಯ ಫೈಲಿನಲ್ಲಿ ಪ್ರತಿ ಕ್ಷಣದ ಎತ್ತರವನ್ನು 16 ಬಿಟ್ಟುಗಳಲ್ಲಿ ಬರೆದಿರುತ್ತೆ. ಕೊನೆಯ ಬಿಟ್ ತಪ್ಪಾದರೆ ಯಾರಿಗೂ ಕೇಳಲ್ಲ. ಮೊದಲನೆಯದು ಮಗುಚಿದರೆ ಬೆಲೆ ಒಮ್ಮೆಲೇ 32,768ರಷ್ಟು ಹಾರುತ್ತೆ, ಅದೇ 'ಟಕ್'. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ ಮತಯಂತ್ರ 4,096 ಮತ ಹೆಚ್ಚು ತೋರಿಸಿತ್ತು. ಅದು ಸರಿಯಾಗಿ ಹದಿಮೂರನೇ ಬಿಟ್ಟಿನ ಬೆಲೆ. ಅಂತರಿಕ್ಷದಿಂದ ಬಂದ ಕಣ ತಾಗಿರಬಹುದು ಅಂತ ಊಹೆ, ಸಾಬೀತಾಗಿಲ್ಲ.

ನಮ್ಮದಕ್ಕೆ ಅಂತರಿಕ್ಷ ಬೇಕಿರಲಿಲ್ಲ. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಡಿರ್ಯಾಮ್‌ನಲ್ಲಿ ಒಂದು ಬಿಟ್ ಅಂದರೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಕೆಪಾಸಿಟರ್ ತೂತು ಬಿಂದಿಗೆ ಇದ್ದಂತೆ, ಸೋರುತ್ತಲೇ ಇರುತ್ತೆ. ಅದಕ್ಕೇ ಡಿಡಿಆರ್4ನಲ್ಲಿ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. 8 ಜಿಬಿ ಸ್ಟಿಕ್ಕಿನಲ್ಲಿ ಇಂಥ ಬಿಂದಿಗೆ ಸುಮಾರು 6,870 ಕೋಟಿ. ಒಂದೆರಡು ಬೇಗ ಸೋರಿದರೂ ಕಂಪ್ಯೂಟರ್ ಬೂಟ್ ಆಗುತ್ತೆ, ಬ್ರೌಸರ್ ನಡೆಯುತ್ತೆ. ಸಾಮಾನ್ಯ ಡೆಸ್ಕ್‌ಟಾಪ್ ರ್ಯಾಮಿಗೆ ತಾನು ತಪ್ಪು ಬಿಟ್ ಕೊಟ್ಟೆ ಅಂತ ಗೊತ್ತೇ ಆಗಲ್ಲ.

ಅವತ್ತೇ ಕೆಲಸ ನಿಲ್ಲಿಸಿ, ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಪ್ಲಸ್ ಓಡಿಸಿ ಮಲಗಿದೆವು. ಬೆಳಿಗ್ಗೆ ಪರದೆಯಲ್ಲಿ ಕೆಂಪು ಸಾಲುಗಳು, ಎಲ್ಲದರಲ್ಲೂ ಅದೇ ವಿಳಾಸ, ಅದೇ ಬಿಟ್. ವೇಗವನ್ನು 2133ಕ್ಕೆ ಇಳಿಸಿದರೂ ಹೋಗಲಿಲ್ಲ. ಅಲ್ಲಿಗೆ ಪ್ರತಿಧ್ವನಿಯ ಮೇಲಿನ ಅನುಮಾನ ಬಿಟ್ಟೆವು. ಒಂದೊಂದೇ ಸ್ಟಿಕ್ಕನ್ನು ಒಂದೇ ಸ್ಲಾಟಿನಲ್ಲಿಟ್ಟು ಪರೀಕ್ಷಿಸಿದಾಗ ಹೊಸದರಲ್ಲಿ ಒಂದು ಸಿಕ್ಕಿಬಿತ್ತು. ಹೊಸ ಸ್ಟಿಕ್ ಹಾಕಿದ ದಿನವೇ ಈ ಪರೀಕ್ಷೆ ಮಾಡಬೇಕಿತ್ತು. ಒಂದು ರಾತ್ರಿಯ ಕರೆಂಟ್ ಬಿಟ್ಟರೆ ಖರ್ಚೇನೂ ಇಲ್ಲ. ವಾರಂಟಿಯಲ್ಲಿ ಬದಲಿ ಜೋಡಿ ಬಂತು. ಅದನ್ನು ಹಾಕುವ ಮೊದಲು ಆ ಮೂರು ವಾರದಲ್ಲಿ ಸೇವ್ ಮಾಡಿದ ಫೈಲುಗಳನ್ನೆಲ್ಲ ಪಟ್ಟಿ ಮಾಡಿ, ಹಳೆಯ ಬ್ಯಾಕಪ್ ಜೊತೆ ಹೋಲಿಸಿದೆವು. ಕೆಲವು ಫೋಟೊಗಳು ಅರ್ಧದಿಂದ ಕೆಳಗೆ ಬೂದು ಪಟ್ಟಿಯಾಗಿದ್ದವು; ಕಂಪ್ರೆಸ್ ಆದ ಫೈಲಿನಲ್ಲಿ ಒಂದು ಬಿಟ್ ಹೋದರೆ ಮುಂದಿನದೆಲ್ಲ ಕೆಡಬಹುದು. ಅವಕ್ಕೆ ಬ್ಯಾಕಪ್ ಇತ್ತು.

ಅಜ್ಜಿಯ ಫೈಲಿಗೆ ಇರಲಿಲ್ಲ. ಕೂತು ಕೇಳಿ, ಹನ್ನೊಂದು ಕಡೆ 'ಟಕ್' ಹುಡುಕಿದೆವು. ಪ್ರತಿಯೊಂದಕ್ಕೂ ಅಕ್ಕಪಕ್ಕದ ಬೆಲೆಗಳ ಸರಾಸರಿ ತುಂಬಿದೆವು. ಕೇಳಿಸದ ಬಿಟ್ಟುಗಳು ಎಷ್ಟು ಬದಲಾಗಿವೆಯೋ, ಎಣಿಸಲು ದಾರಿಯಿಲ್ಲ. ಆ ಫೈಲು ಈಗ ಮೂರು ಕಡೆ ಇದೆ, ಒಂದು ಸಾಗರದಲ್ಲೇ. ಮುಂದಿನ ಸಂಚಿಕೆಯಲ್ಲಿ ಅದರ ಹತ್ತು ನಿಮಿಷ ನಿಮಗೆ ಕೇಳಿಸ್ತೇವೆ.